ಹೆರಿಗೆ ಕೋಣೆಯ ಹೊಗೆ

1951ರ ಡಿಸೆಂಬರಿನಲ್ಲಿ ಚಾಮರಾಜಪೇಟೆಯ ಒಂದು ಖಾಸಗಿ ನರ್ಸಿಂಗ್ ಹೋಮಿನವರು ನಮ್ಮ ವಠಾರದ ನರ್ಸಮ್ಮನನ್ನು ಕೆಲಸದಿಂದ ತೆಗೆದುಹಾಕಿದರು. ಅವರು ಹೇಳಿದ ಕಾರಣ, ಕೆಮ್ಮು.

ನರ್ಸಮ್ಮನ ಕೂದಲು ಮೊಣಕಾಲು ಮುಟ್ಟುವಷ್ಟು ಉದ್ದ. ಅದರಲ್ಲಿ ಸದಾ ಸಿಗರೇಟಿನ ವಾಸನೆ. ಡ್ಯೂಟಿಯಿಂದ ಬಂದವರೇ ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದರು. ಚಳಿಗಾಲದಲ್ಲೂ ಬಿಡುತ್ತಿರಲಿಲ್ಲ. ವಠಾರದ ಹೆಂಗಸರಿಗೆ ಇದು ತಮಾಷೆ.

‘ಏನ್ರೀ ನರ್ಸಮ್ಮ, ಡಾಕ್ಟ್ರ ಜೊತೆ ನೀವೂ ಒಂದೊಂದು ದಮ್ಮು ಎಳೀತೀರೇನು?’ ಎಂದು ವಠಾರದ ಮಾಲೀಕರ ಹೆಂಡತಿ ಒಮ್ಮೆ ಎಲ್ಲರೆದುರು ಕೇಳಿದರು.

‘ನಾನ್ಯಾಕೆ ಎಳೀಲಿ? ಅವರು ಬಿಟ್ಟಿದ್ದನ್ನ ಎಳ್ಕೊಂಡೇ ಸಾಕಾಗಿದೆ.’

ಆ ನರ್ಸಿಂಗ್ ಹೋಮಿನಲ್ಲಿ ಒಂದು ಪದ್ಧತಿಯಿತ್ತು. ಗಂಡುಮಗು ಹುಟ್ಟಿದರೆ ತಂದೆಯಾದವನು ಡಾಕ್ಟರಿಗೆ ಸಿಗರೇಟಿನ ಡಬ್ಬಿ ತಂದುಕೊಡಬೇಕು. ಡಾಕ್ಟರು ಅಲ್ಲೇ ಡಬ್ಬಿ ಒಡೆದು, ಹೆರಿಗೆ ಕೋಣೆಯ ಹೊಸ್ತಿಲಲ್ಲಿ ನಿಂತು, ನೆಂಟರಿಗೂ ಹಂಚಿ ತಾವೂ ಹಚ್ಚುತ್ತಿದ್ದರು. ಬಾಣಂತಿಗೆ ಥಂಡಿಯಾಗುತ್ತದೆಂದು ಕಿಟಕಿಗಳೆಲ್ಲ ಭದ್ರ. ಒಳಗೆ ಮಗುವಿಗೆ ನೀರು ಹಾಕುತ್ತ ನರ್ಸಮ್ಮ ಕೆಮ್ಮುತ್ತಿದ್ದರು. ಹದಿನಾಲ್ಕು ವರ್ಷ ಹಾಗೇ ನಡೆಯಿತು. ಅಳದೆ ನೀಲಿಗಟ್ಟಿ ಹುಟ್ಟಿದ ನನ್ನ ತಮ್ಮನನ್ನು ತಲೆಕೆಳಗೆ ಹಿಡಿದು, ಬೆನ್ನು ತಟ್ಟಿ ಉಳಿಸಿದ್ದು ಅದೇ ಕೋಣೆಯಲ್ಲಿ, ಅವರೇ.

ಕೆಮ್ಮು ಹೆಚ್ಚಾದಾಗ ರೋಗಿಗಳ ಕಡೆಯವರು ಕ್ಷಯ ಎಂದು ಗುಸುಗುಸು ಶುರುಮಾಡಿದರು. ಡಾಕ್ಟರು ಮನೆಗೆ ಕಳಿಸಿದರು. ನರ್ಸಮ್ಮ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡರು. ಕ್ಷಯ ಇರಲಿಲ್ಲ. ಮರುದಿನ ಕೆಲಸ ವಾಪಸು ಕೇಳಲು ಹೊರಟರು. ನಾನು ಆಗಷ್ಟೇ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದೆ. ನನ್ನನ್ನೂ ಜೊತೆಗೆ ಕರೆದರು.

ಡಾಕ್ಟರು ಎಕ್ಸ್‌ರೇ ನೋಡಲೇ ಇಲ್ಲ.

‘ಕ್ಷಯ ಇಲ್ಲ ಅಂತ ನಂಗೂ ಗೊತ್ತಮ್ಮ. ಬರೋರಿಗೆ ಗೊತ್ತಾ? ಕೆಮ್ಮೋ ನರ್ಸ್ ಕೈಗೆ ಮಗು ಯಾರು ಕೊಡ್ತಾರೆ?’ ಎಂದು ಸಿಗರೇಟು ಹಚ್ಚಿದರು.

‘ಹೊರಗಡೆ ಸೇದಿ ಸಾರ್. ಇಲ್ಲಾಂದ್ರೆ ಕಿಟಕಿನಾದ್ರೂ ತೆಗೆಸಿ. ಕೆಮ್ಮು ತಾನಾಗೇ ನಿಲ್ಲತ್ತೆ.’

‘ಬಾಣಂತಿಗೆ ಥಂಡಿ ಆಗಲ್ವೇನಮ್ಮ?’

‘ಥಂಡಿಗೆ ಕಂಬಳಿ ಇದೆ ಸಾರ್. ಹೊಗೆಗೆ ಏನ್ ಹೊದಿಸ್ಲಿ?’

ಡಾಕ್ಟರು ನಕ್ಕು, ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು. ಹೊರಗೆ ಬಂದ ನರ್ಸಮ್ಮ ಅಳಲಿಲ್ಲ. ಜಗಲಿಯ ಕಂಬ ಹಿಡಿದು ಉಸಿರು ಹಿಡಿತಕ್ಕೆ ಬರುವವರೆಗೆ ನಿಂತರು. ‘ಹುಟ್ಟಿದ ಕೂಸು ಮೊದಲನೇ ಉಸಿರಿಗೇ ಈ ಹೊಗೆನ ಎಳ್ಕೊಳ್ಳತ್ತೆ. ಇದನ್ನ ಬರೆಯಪ್ಪ, ನನ್ನ ಕೆಲಸದ ವಿಷಯ ಬಿಡು’ ಎಂದರು.

ಬರೆದೆ. ಸಂಪಾದಕರು ಓದಿ, ‘ಡಾಕ್ಟ್ರು ಸಿಗರೇಟ್ ಸೇದೋದು ಸುದ್ದಿಯೇನಯ್ಯಾ?’ ಎಂದು ಹಾಳೆ ಹಿಂದಿರುಗಿಸಿದರು. ಅಂದಿನ ಪತ್ರಿಕೆಯಲ್ಲಿ ಸಿಗರೇಟಿನ ಜಾಹೀರಾತು ಅರ್ಧ ಪುಟವಿತ್ತು.

ಆಮೇಲೆ ನರ್ಸಮ್ಮ ಬಸವನಗುಡಿಯ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದರು. ಹೋದಕೂಡಲೇ ಗಂಡಸರನ್ನು ಬೀದಿಗೆ ಅಟ್ಟುತ್ತಿದ್ದರು. ಕೊನೆಕೊನೆಗೆ ಗಾಂಧಿ ಬಜಾರಿನ ತನಕ ನಡೆಯುವುದೂ ಆಗುತ್ತಿರಲಿಲ್ಲ. 1957ರಲ್ಲಿ, ಉಬ್ಬಸ ಹೆಚ್ಚಾಗಿ ತೀರಿಕೊಂಡರು. ಅವರಿಗೆ ಐವತ್ತು ತುಂಬಿರಲಿಲ್ಲ.

ಹೋದ ವರ್ಷ, ನರ್ಸಮ್ಮ ತೀರಿಕೊಂಡ ಎರಡು ವರ್ಷಕ್ಕೆ, ಆ ನರ್ಸಿಂಗ್ ಹೋಮಿಗೆ ಮಹಡಿ ಕಟ್ಟಿಸಿದರು. ಹೆರಿಗೆ ಕೋಣೆ ಈಗ ಮೇಲಿದೆ. ಅದರ ಬಾಗಿಲ ಪಕ್ಕ, ಡಾಕ್ಟರ ಕೈಗೆ ಎಟಕುವಂತೆ, ಹಿತ್ತಾಳೆಯ ಬೂದಿಬಟ್ಟಲು ಇಟ್ಟಿದ್ದಾರೆ.