ಭಸ್ಮ ಹಚ್ಚಿದ ಪಿನ್ನು

ಆ ಸೋಮವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಕಾಕಾನ ಗಿಟಾರನ್ನು ಕೆಡಿಸಿದವಳು ನಾನು. ಕಾಕಾ ಅಲ್ಲ. ಕಾಕುವಿನ ಎಡಗಣ್ಣಿನ ಕೆಳಗೆ ಇವತ್ತಿಗೂ ಇರುವ ಜೋಳದ ಕಾಳಿನಷ್ಟು ಕಲೆ ನನ್ನ ಕೈಯಿಂದಾದದ್ದು. ವರ್ಷಗಟ್ಟಲೆ ನಾನು ಇದನ್ನು ಯಾರಿಗೂ ಹೇಳಲಿಲ್ಲ.

ಶಿವಲಿಂಗ ಕಾಕಾ ನನ್ನ ಅಪ್ಪನ ತಮ್ಮ, ಕಾಕು ಅವರ ಹೆಂಡತಿ. ಉಮರ್ಗಾದ ಪೇಟೆಯಲ್ಲಿ ಬಟ್ಟೆಯ ಅಂಗಡಿ. ನಾನಾಗ ಉದಗೀರದ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ರಜೆ ಬಿದ್ದ ಕೂಡಲೇ ದಾಳಿಂಬ ಊರಿನ ನಮ್ಮ ಮನೆಗಿಂತ ಮೊದಲು ಕಾಕಾನ ಮನೆಗೆ ಓಡುತ್ತಿದ್ದೆ. ಪ್ರತಿ ಸೋಮವಾರ ಅಲ್ಲಿ ಭಜನೆ. ಕಾಕಾ ಏಕತಾರಿ ಹಿಡಿದು ವಚನ ಹಾಡುತ್ತಿದ್ದರು. ಒಮ್ಮೆ ಸೋಲಾಪುರಕ್ಕೆ ಬಟ್ಟೆ ತರಲು ಹೋದವರು ಶರ್ಟಿನ ಬಟ್ಟೆಯಲ್ಲಿ ಸುತ್ತಿದ ಗಿಟಾರಿನೊಂದಿಗೆ ಇಳಿದರು. ಹಾರ್ಮೋನಿಯಂ ಬಾರಿಸುವ ಬಸಪ್ಪ ನಕ್ಕು ನಕ್ಕು ಕೆಮ್ಮಿದರು. "ಏನಪಾ ಶಿವಲಿಂಗಾ, ಅಂಗಡಿ ಬಿಟ್ಟು ಲಗ್ನದ ಬ್ಯಾಂಡಿನಾಗ ಸೇರತಿಯೇನು?"

"ನಿಮ್ಮ ಮಗನ ಲಗ್ನಕ್ಕ ಫುಕಟ್ ಬಾರಸ್ತೀನಿ, ಹೆಣ್ಣು ಹುಡುಕ್ರಿ ಮೊದಲ," ಅಂದರು ಕಾಕಾ.

ಅವರಿಗೆ ಆ ಗಿಟಾರಿನ ಮೇಲೆ ಎಂಥ ಅಕ್ಕರೆ! ಅಂಗಡಿ ಮುಚ್ಚಿ ಬಂದವರು ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು, ಆಮೇಲೆಯೇ ಅದನ್ನು ಮುಟ್ಟುತ್ತಿದ್ದರು. ಒಂದು ದಿನ ದಪ್ಪ ತಂತಿ ತುಂಡಾಯಿತು. ತಾವೇ ಹೊಸದು ಹಾಕಿದರು. ಆದರೆ ತಂತಿಯ ಬುಡವನ್ನು ಗಿಟಾರಿನ ಹೊಟ್ಟೆಯ ತೂತಿನಲ್ಲಿ ಹಿಡಿಯುವ ಪಿನ್ನು ಕೂರಲಿಲ್ಲ. ಒತ್ತಿದರೆ ಇಳಿಯುವುದು, ತಂತಿ ಬಿಗಿಯಾದ ಹಾಗೆ ಮೆಲ್ಲಗೆ ತಲೆ ಎತ್ತುವುದು. ಆ ಸೋಮವಾರ ಸಂಜೆ ಗಿಟಾರನ್ನು ನನ್ನ ಮುಂದೆ ಇಟ್ಟರು. "ಪಾರೂ, ನೀ ಫಿಜಿಕ್ಸ್ ಓದಾಕಿ. ಈ ಗೂಟ ಕೂಡವಲ್ದು, ನೋಡವ್ವಾ."

ಗೊತ್ತಿಲ್ಲ ಅನ್ನಬಹುದಿತ್ತು — ಅನ್ನಲಿಲ್ಲ.

ಏಕತಾರಿಯ ಕಿವಿ, ಅಂದರೆ ತಂತಿ ತಿರುವುವ ಗೂಟ, ಜಾರಿದರೆ ನಮ್ಮ ಕಡೆಯ ಭಜನೆಯವರು ಅದಕ್ಕೆ ಚಿಟಿಕೆ ಭಸ್ಮ ಹಚ್ಚಿ ತಿರುವಿ ಕೂರಿಸುತ್ತಾರೆ. ಹಿಡಿತ ಬರುತ್ತದೆ. ಅದೇ ಉಪಾಯ ಇಲ್ಲಿಯೂ ನಡೆಯುತ್ತದೆ ಅಂದುಕೊಂಡೆ. ಕಾಕುವಿನ ಪೂಜೆಯ ವಿಭೂತಿ ಗಟ್ಟಿಗೆ ಪಿನ್ನನ್ನು ಉಜ್ಜಿ, ತೂತಿನಲ್ಲಿಟ್ಟು, ಲಟ್ಟಣಿಗೆಯಿಂದ ಬಡಿದೆ. "ಘರ್ಷಣೆ ಹೆಚ್ಚಾಯ್ತು ಕಾಕಾ, ಇನ್ನ ಏಳಂಗಿಲ್ಲ," ಅಂತ ಪಾಠವನ್ನೂ ಹೇಳಿದೆ. ಕಾಕಾ ಖುಷಿಯಿಂದ ನನ್ನ ತಲೆ ಸವರಿದರು. ಒಳಗೆ ಏನಾಗಿದೆ ಎಂದು ನಾನು ನೋಡಲಿಲ್ಲ.

ಭಜನೆಗೆ ಜನ ಕೂತರು. ಕಾಕಾ ಶ್ರುತಿಗೆ ತಂತಿ ಬಿಗಿ ಮಾಡುತ್ತಿದ್ದರು. ಕಾಕು ಎದುರಿಗೆ ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದರು. 'ಟಪ್' — ಇಷ್ಟೇ ಸಪ್ಪಳ, ಪಿನ್ನು ಹಾರಿತು. ಕಾಕು "ಶಿವನೇ!" ಎಂದು ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ರಕ್ತ. ಅವರು ಇನ್ನೊಂದಿಷ್ಟು ಬಗ್ಗಿದ್ದರೆ... ಈ ವಾಕ್ಯವನ್ನು ನನಗೆ ಈವರೆಗೂ ಮುಗಿಸಲು ಆಗಿಲ್ಲ. ಪಾಠ ಮಾಡುವಾಗ, ರೊಟ್ಟಿ ಬಡಿಯುವಾಗ, ಆಟೋದಲ್ಲಿ ಕೂತಾಗ ಆ ಪಿನ್ನು ಹಾರುತ್ತಲೇ ಇರುತ್ತದೆ. ನಾನು ಕಾಕುವಿನ ತಲೆಯನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತೇನೆ.

ಡಾಕ್ಟರು ಹೊಲಿಗೆ ಹಾಕಿ, ಕಣ್ಣಿಗೆ ಏನೂ ಆಗಿಲ್ಲ ಅಂದರು. ಹೊರಗೆ ನಿಂತಿದ್ದ ಬಸಪ್ಪ ಕೇಳಿದರು, "ಹೆಂಗಾಯ್ತಿದು?" ಯಾರೂ ನನ್ನ ಕಡೆ ನೋಡಲಿಲ್ಲ. ಆದರೂ ನಾನೇ ಮೊದಲು ಬಾಯಿ ತೆರೆದೆ: "ಕಾಕಾ ಭಾಳ ಬಿಗಿ ಮಾಡಿದ್ರು."

ಕಾಕಾ ನನ್ನನ್ನು ನೋಡಿದರು. "ಹೌದು," ಅಂದರು. "ನಾನೇ ಹೆಚ್ಚ ತಿರುವಿದೆ."

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಗಿಟಾರಿನ ಹೊಟ್ಟೆಯೊಳಗೆ ಕೈ ಹಾಕಿದೆ. ತಂತಿಯ ತುದಿಗೆ ಹಿತ್ತಾಳೆಯ ಪುಟ್ಟ ಗುಂಡಿರುತ್ತದೆ. ಬೇರೆ ತಂತಿಗಳ ಗುಂಡುಗಳೆಲ್ಲ ಹಲಗೆಯ ಒಳಮೈಗೆ ಗಟ್ಟಿಯಾಗಿ ಆತುಕೊಂಡಿದ್ದವು. ಎಳೆತವನ್ನು ತಡೆಯುವುದು ಆ ಹಲಗೆ. ಗುಂಡು ಪಕ್ಕಕ್ಕೆ ಜಾರದಂತೆ ಪಿನ್ನು ಕಾಯುತ್ತದೆ, ಅಷ್ಟೇ. ಹಾರಿದ ಪಿನ್ನಿನ ತುದಿಯನ್ನು ನೋಡಿದೆ. ಅಲ್ಲಿ ದುಂಡನೆಯ ತಗ್ಗು. ಗುಂಡು ಪಿನ್ನಿನ ಬುಡದಲ್ಲೇ ಸಿಕ್ಕಿಕೊಂಡಿತ್ತು, ನಾನು ಅದರ ಮೇಲೆ ಬಡಿದು ಕೂರಿಸಿದ್ದೆ. ಕಾಕಾ ತಂತಿ ಬಿಗಿ ಮಾಡಿದಷ್ಟೂ ಗುಂಡು ಪಿನ್ನನ್ನು ಮೇಲಕ್ಕೆ ತಳ್ಳಿತ್ತು. ಅವರು ಹೆಚ್ಚೇನೂ ತಿರುವಿರಲಿಲ್ಲ.

ಡಾಕ್ಟರ ಬಾಗಿಲಲ್ಲಿ ಹೇಳಿದ್ದು ಹೆದರಿಕೆಯ ಮಾತು ಎಂದು ಬೇಕಾದರೆ ಬಿಡಬಹುದು. ಮರುದಿನ ಎಲ್ಲ ಗೊತ್ತಾದ ಮೇಲೂ ಸುಮ್ಮನಿದ್ದೆನಲ್ಲ — ಅದಕ್ಕೆ ನನ್ನ ಬಳಿ ಹೆಸರಿಲ್ಲ.

ಕಾಕಾ ಗಿಟಾರನ್ನು ಅದೇ ಶರ್ಟಿನ ಬಟ್ಟೆಯಲ್ಲಿ ಸುತ್ತಿ ಅಂಗಡಿಯ ಅಟ್ಟಕ್ಕೆ ಹಾಕಿದರು. ಏಕತಾರಿಯನ್ನೂ ಮುಟ್ಟಲಿಲ್ಲ. ಭಜನೆಯಲ್ಲಿ ಹಿಂದೆ ಕೂತು ಬರೀ ಚಪ್ಪಾಳೆ ತಟ್ಟುತ್ತಿದ್ದರು. ಹೋದ ಸಲ ಹೋದಾಗ ಕಾಕು ರೊಟ್ಟಿ ತಟ್ಟುತ್ತ, ನಗುತ್ತ ಹೇಳಿದರು: "ನಿಮ್ಮ ಕಾಕಾಗ ಹುಚ್ಚು ಹಿಡದದ. ರಾತ್ರಿ ಎದ್ದೆದ್ದು ನನ್ನ ಕಣ್ಣಿನ ಮ್ಯಾಲ ಕೈ ಆಡಸ್ತಾರ, ಅದನೋ ಇಲ್ಲೋ ಅಂತ. ಅದು ಎಲ್ಲಿ ಓಡಿಹೋಗ್ತದ ಹೇಳು?"

ನಾನೂ ನಕ್ಕೆ. ನನ್ನ ಸುಳ್ಳನ್ನು ನಂಬಿ ಆ ಮನುಷ್ಯ ಪ್ರತಿ ರಾತ್ರಿ ಎದ್ದು ಆ ಕಣ್ಣನ್ನು ಕಾಯುತ್ತಿದ್ದರು.

ಈ ಸೋಮವಾರ ಲೋಹಾರಾದಲ್ಲಿ ನಾನು ಕಲಿಸುವ ಶಾಲೆಗೆ ರಜೆ ಹಾಕಿ ಉಮರ್ಗಾಕ್ಕೆ ಹೋದೆ. ಅಟ್ಟದಿಂದ ಗಿಟಾರು ಇಳಿಸಿ ಮನೆಗೆ ತಂದು ಕಾಕಾ ಕಾಕು ಇಬ್ಬರ ಮುಂದೆ ಕೂತೆ. ತಂತಿಯ ತುದಿಯನ್ನು ತುಸು ಬಾಗಿಸಿ ಗುಂಡನ್ನು ಒಳಗೆ ಇಳಿಸಿದೆ. ಪಿನ್ನಿನ ಗೀರು ತಂತಿಯ ಕಡೆ ಇರುವಂತೆ ಹಿಡಿದು, ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ, ತಂತಿಯನ್ನು ಮೇಲಕ್ಕೆ ಎಳೆದೆ. ಗುಂಡು ಹಲಗೆಗೆ ತಾಗಿ ನಿಂತಿತು. ಒಳಗೆ ಬೆರಳಿಟ್ಟು ಮುಟ್ಟಿ ನೋಡಿದೆ. ಭಸ್ಮ ಬೇಕಾಗಲಿಲ್ಲ, ಲಟ್ಟಣಿಗೆಯೂ. ಆಮೇಲೆ ಹೇಳಿದೆ: "ಕಾಕಾ, ಅವತ್ತ ಗುಂಡಿನ ಮ್ಯಾಲ ಗೂಟ ಬಡದಾಕಿ ನಾ. ನೀವು ಬಿಗಿ ಮಾಡಿದ್ದು ಬರೋಬ್ಬರಿ ಇತ್ತು. ಮರುದಿನಾನೇ ನನಗ ಗೊತ್ತಾಗಿತ್ತು."

ಕಾಕುವಿನ ನಗು ಆರಿತು. "ನನ್ನ ಕಣ್ಣಿನ ಮಾತು ಬಿಡು ಪಾರೂ. ಇವರ ನಿದ್ದಿ ತಗೊಂಡಿ ನೀ."

"ಹೌದು ಕಾಕು."

ಕಾಕಾ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡರು. "ನೀ ಅತ್ಲಾಗ ಸರಿ," ಎಂದು ಕಾಕುವನ್ನು ತಮ್ಮ ಬೆನ್ನ ಹಿಂದೆ ಕೂರಿಸಿದರು. ನಾನು ಸರಿಯಲಿಲ್ಲ, ಪಿನ್ನಿನ ಎದುರಿಗೇ ಕೂತೆ. ಅವರು ಅದನ್ನು ನೋಡಿದರು, ಪಿನ್ನಿನ ಮೇಲೆ ತಮ್ಮ ಅಂಗೈ ಮುಚ್ಚಿದರು, ಇನ್ನೊಂದು ಕೈಯಿಂದ ತಿರುವಿದರು. ಶ್ರುತಿ ಕೂಡಿತು. ಕೈ ತೆಗೆದರು. ಪಿನ್ನು ಇದ್ದಲ್ಲೇ ಇತ್ತು.

ಮಾಫ್ ಮಾಡಿದೆ ಎಂದು ಕಾಕಾ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಾಗಿತ್ತು. ಕಾಕು ಚಹಾದ ಬಟ್ಟಲು ಹಿಡಿದು ಕೋಣೆಯ ಹೊರಗೆ ನಿಂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. "ನಿಮ್ಮ ಕಾಕಾ ರಾತ್ರಿ ಒಮ್ಮೆನೂ ಎದ್ದಿಲ್ಲ. ಗೊರಕಿ ಕೇಳು, ಟ್ರ್ಯಾಕ್ಟರ್ ನಡದಾಂಗ." ಅವರ ಕಣ್ಣು ತುಂಬಿತ್ತು; ಕೆಳಗಿನ ಕಲೆ ಹೊಳೆಯುತ್ತಿತ್ತು.

ನಾನು ಗೋಡೆಯ ಗೂಟದಿಂದ ಅಂಗಡಿಯ ಕೀಲಿಗೊಂಚಲು ತೆಗೆದೆ. ಗಲಗಲ ಅನ್ನದಂತೆ ಮುಷ್ಟಿಯಲ್ಲಿ ಬಿಗಿ ಹಿಡಿದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಅಂಗಡಿ ತೆರೆಯಲು ಹೋದೆ.