ಜೆದ್ದಾದಿಂದ ಐದು ಗಂಟೆ

ಮೊನ್ನೆ ಮೊಮ್ಮಗಳಿಗೆಂದು ಯಾರೋ ಚನ್ನಪಟ್ಟಣದ ಬುಗುರಿ ತಂದುಕೊಟ್ಟರು. ಮೂಗಿನ ಬಳಿ ಹಿಡಿದೆ. ಬಿಸಿಗೆ ಕರಗಿದ ಅರಗಿನ ವಾಸನೆ ಇನ್ನೂ ಉಳಿದಿತ್ತು… ಹಿಂದೆ ಪಕ್ಕದ ಮನೆಯಲ್ಲಿದ್ದ ಖಾಲಾ ನೆನಪಾದರು.

ಆಗ ನಾನು ಚನ್ನಪಟ್ಟಣದ ಶಾಲೆಯೊಂದರಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಬೊಂಬೆ ಕಡೆಯುವವರ ಬೀದಿಯಲ್ಲಿ ಬಾಡಿಗೆ ಮನೆ. ಚಿಕ್ಕಮ್ಮ ಎನ್ನುವ ಹಾಗೆ ಬೀದಿಗೆಲ್ಲ ಅವರು ಖಾಲಾ. ಅವರ ಯಜಮಾನರು ಬೊಂಬೆ ಕೆಲಸ ಬಿಟ್ಟು ಜೆದ್ದಾಕ್ಕೆ ಬಡಗಿಯಾಗಿ ಹೋಗಿ ಆರು ವರ್ಷವಾಗಿತ್ತು. ಯಜಮಾನರು ಕೂತು ಬೊಂಬೆ ಕಡೆಯುತ್ತಿದ್ದ ಕರೆಂಟಿನ ಲೇತನ್ನು ಖಾಲಾ ದಿನವೂ ಒರೆಸುತ್ತಿದ್ದರು, ಬೇರೆಯವರನ್ನು ಮುಟ್ಟಗೊಡುತ್ತಿರಲಿಲ್ಲ.

ಊರಿಗೆ ಬರುತ್ತೇನೆಂದು ಯಜಮಾನರ ಕಾಗದ ಬಂದ ದಿನ ಖಾಲಾ ನನ್ನ ಬಾಗಿಲಲ್ಲಿ ನಿಂತರು.

"ಟೀಚರಮ್ಮ, ಜೆದ್ದಾಯಿಂದ ಬೊಂಬಾಯಿಗೆ ಎಷ್ಟು ದೂರ ಐತೆ? ಒಸಿ ನೋಡಿ ಹೇಳಿ."

ಅಟ್ಲಾಸಿನ ಮೇಲೆ ದಾರ ಇಟ್ಟು ಅಳೆದೆ. ಮೂರೂವರೆ ಸಾವಿರ ಕಿಲೋಮೀಟರ್. ವಿಮಾನದಲ್ಲಿ ಐದು ಗಂಟೆ, ಅಲ್ಲಿಂದ ರೈಲಿನಲ್ಲಿ ಇನ್ನೊಂದು ದಿನ ಎಂದೆ.

ಅವರು ಹೊರಡುವ ಭಾನುವಾರ ನಮ್ಮ ಗಡಿಯಾರದ ಪ್ರಕಾರ ಮಧ್ಯಾಹ್ನ ಹನ್ನೆರಡಕ್ಕೆ ವಿಮಾನ ಏಳಬೇಕಿತ್ತು. ಹನ್ನೊಂದಕ್ಕೇ ಖಾಲಾ ಓಡಿಬಂದರು. ಮುಖದ ತುಂಬ ನಗು.

"ಬಂದ್ಬುಟ್ರು ಟೀಚರಮ್ಮ! ಕಾಲ್ ತೊಳ್ಕೊಂಡು ಒಳಕ್ಕೋದ್ರು. ಮಾತಾಡ್ಸುದ್ರೆ ಮಾತೇ ಆಡ್ತಿಲ್ಲ."

"ವಿಮಾನ ಇನ್ನೂ ಹೊರಟೇ ಇಲ್ಲ ಖಾಲಾ," ಎನ್ನುತ್ತ ಅವರ ಹಿಂದೆ ಹೋದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಆದರೆ ಬಚ್ಚಲಿನಿಂದ ಲೇತಿನವರೆಗೆ ಗಾರೆ ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಗಂಡಸಿನ ದೊಡ್ಡ ಪಾದ. ವಾಪಸು ಬಂದ ಗುರುತಿಲ್ಲ. ನೋಡುತ್ತಿದ್ದಂತೆಯೇ ಬಚ್ಚಲಿನ ಕಡೆಯಿಂದ ಒಂದೊಂದಾಗಿ ಆರುತ್ತ ಬಂದವು… ಕೊನೆಯದು ಆರುವವರೆಗೂ ನಾವಿಬ್ಬರೂ ಅಲುಗಲಿಲ್ಲ.

ಮೂರನೆಯ ದಿನ ಟೆಲಿಗ್ರಾಂ ಬಂತು. ಆಮೇಲೆ ಅಲ್ಲಿ ಯಜಮಾನರ ಜೊತೆಗಿದ್ದವರ ಕಾಗದ. ವಿಮಾನ ನಿಲ್ದಾಣದ ಸಾಲಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಅಲ್ಲೇ ಮಣ್ಣು ಮಾಡಿದರಂತೆ. ಜೀವ ಹೋದದ್ದು ಆ ಭಾನುವಾರ ಅಲ್ಲಿಯ ಬೆಳಗಿನ ಎಂಟು ಗಂಟೆಗೆ. ನಮಗೆ ಹತ್ತೂವರೆ.

ಕಾಗದ ಓದಿ ಹೇಳಿದವಳು ನಾನೇ. ಖಾಲಾ ಅಳಲಿಲ್ಲ. "ಅಂಗಾರೆ ಇಲ್ಲಿಗೆ ಬರಕ್ಕೆ ಅರ್ಧ ಗಂಟೆ ಹಿಡೀತು," ಎಂದರು.

ಬೀದಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಪಾಪ, ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಖಾಲಾ ನನ್ನ ಕೈ ಹಿಡಿದುಕೊಂಡರು.

"ನೀವೂ ನೋಡುದ್ರಲ್ವಾ ಟೀಚರಮ್ಮ? ಇವ್ರಿಗೆ ಹೇಳಿ."

ನಾನು ಓದಿದವಳು, ಮಕ್ಕಳಿಗೆ ಪಾಠ ಮಾಡುವವಳು… "ಬಕೆಟ್ ನೀರು ಚೆಲ್ಲಿತ್ತು, ಅಷ್ಟೇ," ಎಂದುಬಿಟ್ಟೆ.

ಅವರು ಕೈ ಬಿಟ್ಟರು. ಆಮೇಲೆ ಎರಡು ವರ್ಷ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿದ್ದರೂ ನನ್ನನ್ನು ಏನೂ ಕೇಳಲಿಲ್ಲ. ಕೆಲವು ಮಧ್ಯಾಹ್ನ ಆ ಕಡೆಯಿಂದ ಲೇತ್ ತಿರುಗುವ ಸದ್ದು ಬರುತ್ತಿತ್ತು. ಕರೆಂಟ್ ಹೋದಾಗಲೂ ನಿಲ್ಲುತ್ತಿರಲಿಲ್ಲ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ನಿನ್ನೆ ಆ ಬೀದಿಗೆ ಹೋಗಿದ್ದೆ. ಹೌದು, ನಾನೂ ನೋಡಿದ್ದೆ ಎಂದು ಹೇಳುವುದಕ್ಕೇ ಹೋದದ್ದು. ಖಾಲಾ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಎದುರಿನ ಅಂಗಡಿಯವರು ಹೇಳಿದರು. "ಅವ್ರು ನಿಮ್ಗೇನಾಗ್ಬೇಕು?" ಎಂದು ಕೇಳಿದರು.