ಅಕ್ಕ-ತಂಗಿಯ ಫೋನ್ ಕಟ್ ಮಾಡಿದ ನನ್ನ ಕೋಡ್

ಗೆಳೆಯರೇ, ಇವತ್ತು ನಾನು ಬರೆದ ಕೋಡ್ ನಮ್ಮವ್ವ ಮತ್ತು ಆಕೆಯ ತಂಗಿ, ನಮ್ಮ ಚಿಗವ್ವನ ನಡುವೆ ಜಗಳ ತಂದಿಟ್ಟಿತು.

ಬೆಟಗೇರಿಯ ಮನೆಯಲ್ಲೇ ಕೂತು ವಿಡಿಯೋ ಕಾಲ್ ಆ್ಯಪಿನ ಕೆಲಸ ಮಾಡುವವನು ನಾನು. ಕರೆ ಮುಗಿದಾಗ ಆ್ಯಪಿಗೆ ತಾನಾಗಿ ಸುದ್ದಿ ಮುಟ್ಟಿಸುವ ಕಾಲ್‌ಬ್ಯಾಕ್ ಒಂದಿದೆ. ಅದು ಬಂದೊಡನೆ ಆ್ಯಪ್ ಫೋನ್ ಕಟ್ ಮಾಡುತ್ತದೆ. ಯಾರಾದರೂ ಕೆಂಪು ಗುಂಡಿ ಒತ್ತಿದರೆ ಮಾತ್ರ ಅದು ಬರುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡದಿದ್ದರೂ ಬರಲಿ ಎಂದು ನಿನ್ನೆ ಬದಲಿಸಿದೆ. ಪ್ರಯೋಗಕ್ಕೆಂದು ಅವ್ವನ ಫೋನಿಗೂ ಮುಂಡರಗಿಯ ಚಿಗವ್ವನ ಫೋನಿಗೂ ಹಾಕಿದೆ.

ಇವತ್ತು ಮಧ್ಯಾಹ್ನ ನೋಡಿದರೆ ಅವ್ವನ ಮುಖ ಊದಿತ್ತು.

"ನಿಮ್ಮ ಚಿಗವ್ವ ನಡುವ ಫೋನ್ ಕಟ್ ಮಾಡ್ಯಾಳ. ಬೇಕಂದ್ರ ಆಕೀನ ಹಚ್ಚಲಿ."

ಚಿಗವ್ವನಿಗೆ ಫೋನ್ ಮಾಡಿದೆ. ದನಿ ಸಣ್ಣಗಾಗಿತ್ತು.

"ನಂದೇನ್ ತಪ್ಪಾತೋ? ಅಕ್ಕ ಪಟ್ನ ಇಟ್ಟಬಿಟ್ಳು. ಮತ್ತ ಹಚ್ತಾಳಂತ ಮುಂಜಾನಿಂದ ಫೋನ್ ಬಾಜೂಕ ಇಟ್ಕೊಂಡ ಕುಂತೇನಿ."

ಅವ್ವನ ಹತ್ತಿರ ಹೋಗಿ ಹೇಳಿದೆ: "ಯವ್ವಾ, ಆಕಿ ಕಟ್ ಮಾಡಿಲ್ಲ. ನೀವು ಸುಮ್ಮನಾದ್ರಿ, ಮಾತು ಮುಗೀತಂತ ತಿಳಿದು ನನ್ನ ಆ್ಯಪೇ ಕಟ್ ಮಾಡೈತಿ."

"ಮಾತಾಡಾಕಂತ ಯಾರ್ ಹಚ್ಚಿದ್ರೋ? ನಾ ಶೇಂಗಾ ಸುಲೀತಿದ್ದೆ, ಆಕಿ ಕೌದಿ ಹೊಲೀತಿದ್ಳು. ಕೂಡಿ ಕುಂತಿದ್ವಿ, ಅಷ್ಟ."

ನನ್ನ ಬದಲಾವಣೆಯನ್ನು ಪೂರ್ತಿ ಕಿತ್ತುಹಾಕಿದೆ. ಸಂಜೆ ಇಬ್ಬರಿಗೂ ಫೋನ್ ಜೋಡಿಸಿಕೊಟ್ಟು ಪರೀಕ್ಷೆಗೆ ಕೂತೆ. ಬುಟ್ಟಿ ಶೇಂಗಾ ಮುಗಿಯಿತು, ಕೌದಿಯ ಒಂದು ಅಂಚೂ ಮುಗಿಯಿತು. ಇಬ್ಬರೂ ಒಂದೇ ಒಂದು ಮಾತೂ ಆಡಲಿಲ್ಲ.

ಆ್ಯಪ್ ಪಾಸು.